ಮತ ಎಣಿಕೆಯ ದಿನ, ಟೆಸ್ಟ್ ಪಂದ್ಯದ ಐದು ದಿನ: ಬಾಕಿಯನ್ನು ಓದಲು ಕಲಿಯುವ ಅಭಿಮಾನಿಗೊಂದು ಸಮಗ್ರ ಮಾರ್ಗದರ್ಶಿ

2025ರ ನವೆಂಬರ್ 14ರ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಿಹಾರದ 243 ಕ್ಷೇತ್ರಗಳ ಮತ ಎಣಿಕೆ ಆರಂಭವಾಯಿತು. ಮತಯಂತ್ರಗಳ ಎಣಿಕೆ ಬಿಸಿಯೇರುವ ಹೊತ್ತಿಗೆ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವಿನ ಮೊದಲ ಟೆಸ್ಟ್ ಕೂಡ ಶುರುವಾಗಿತ್ತು. ಸಂಜೆಯೊಳಗೆ ಬಿಹಾರದ ಚಿತ್ರ ಸ್ಪಷ್ಟವಾಗಿ, ಎನ್‌ಡಿಎ 202 ಸ್ಥಾನಗಳತ್ತ ಸಾಗಿತ್ತು. ಅದೇ ಸಂಜೆ, 159ಕ್ಕೆ ಆಲೌಟಾಗಿದ್ದ ದಕ್ಷಿಣ ಆಫ್ರಿಕಾ ಪಂದ್ಯವನ್ನು ಕೈಚೆಲ್ಲಿದೆ ಎಂದೇ ನಮ್ಮಲ್ಲಿ ಅನೇಕರು ಭಾವಿಸಿದ್ದೆವು. ಮೂರನೆಯ ದಿನ 124 ರನ್‌ಗಳ ಗುರಿ ಬೆನ್ನಟ್ಟಿದ ಭಾರತದ ಇನಿಂಗ್ಸ್ 93ಕ್ಕೆ ಮುಗಿದು, ಪಂದ್ಯ 30 ರನ್‌ಗಳಿಂದ ಕೈತಪ್ಪಿತು. ಒಂದೇ ದಿನ ನೋಡಿದ ಎರಡು ಮುನ್ನಡೆಗಳಲ್ಲಿ ಒಂದು ಉಳಿಯಿತು, ಇನ್ನೊಂದು ಉಳಿಯಲಿಲ್ಲ.

ರಾಜ್ಯಗಳ ಫಲಿತಾಂಶವನ್ನೂ ಟೆಸ್ಟ್ ಕ್ರಿಕೆಟ್ಟನ್ನೂ ನೋಟ್‌ಬುಕ್ ಹಿಡಿದು ಹಿಂಬಾಲಿಸುತ್ತ ಬಂದಿರುವ ನನಗೆ ಇವೆರಡರ ನಡುವಿನ ನಂಟು ನಿಧಾನವಾಗಿ ಅರಿವಿಗೆ ಬಂತು. ಪರದೆಯ ಮೇಲೆ ಕಾಣುವ ಅಂಕಿ ಎರಡರಲ್ಲೂ ಈವರೆಗೆ ಆದದ್ದನ್ನಷ್ಟೇ ಹೇಳುತ್ತದೆ. ಇನ್ನೆಷ್ಟು ಬಾಕಿ ಇದೆ, ಬಾಕಿ ಉಳಿದಿರುವುದು ಎಂಥದ್ದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ನೋಡುವವರೇ ಕಂಡುಕೊಳ್ಳಬೇಕು. ಆ ಉತ್ತರವನ್ನು ಕಂಡುಕೊಳ್ಳುವ ಕ್ರಮವನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ. ಇದಕ್ಕೆ ಬೇಕಾಗುವುದು ಗೆರೆ ಹಾಕಿದ ಒಂದು ಪುಸ್ತಕ, ಒಂದು ಪೆನ್ನು, ಕೂಡಿ ಕಳೆಯುವ ತಾಳ್ಮೆ, ಅಷ್ಟೇ.

ಮೊದಲ ಹಂತ: ಹಿಂದಿನ ರಾತ್ರಿಯ ಸಿದ್ಧತೆ

ಪುಟದ ತಲೆಯ ಮೇಲೆ ಒಟ್ಟು ಸ್ಥಾನಗಳನ್ನೂ ಸರಳ ಬಹುಮತದ ಸಂಖ್ಯೆಯನ್ನೂ ಬರೆದುಕೊಳ್ಳಿ. ಕರ್ನಾಟಕದ 224ಕ್ಕೆ 113, ಬಿಹಾರದ 243ಕ್ಕೆ 122, ಮಹಾರಾಷ್ಟ್ರದ 288ಕ್ಕೆ 145, ತಮಿಳುನಾಡಿನ 234ಕ್ಕೆ 118, ಹರಿಯಾಣದ 90ಕ್ಕೆ 46. ಎಲ್ಲ ಕ್ಷೇತ್ರಗಳಿಗೂ ಮತದಾನ ನಡೆದಿದೆಯೇ ಎಂಬುದನ್ನು ಮರೆಯದೆ ನೋಡಿ. 2018ರ ಮೇ ತಿಂಗಳಲ್ಲಿ ಜಯನಗರ ಮತ್ತು ರಾಜರಾಜೇಶ್ವರಿ ನಗರದ ಮತದಾನ ಮುಂದೂಡಿದ್ದರಿಂದ ಅಂದು ಎಣಿಕೆಯಾದದ್ದು 222 ಕ್ಷೇತ್ರಗಳು. ಆ ದಿನದ ಮಟ್ಟಿಗೆ ಬಹುಮತದ ಗೆರೆ 112 ಆಗಿತ್ತು. ಒಂದು ಸ್ಥಾನದ ವ್ಯತ್ಯಾಸ ಏನು ಮಹಾ ಎನ್ನುವಂತಿರಲಿಲ್ಲ ಎಂಬುದನ್ನು ಆ ಚುನಾವಣೆಯೇ ತೋರಿಸಿತು.

ಅನಂತರ ಹತ್ತರಿಂದ ಹದಿನೈದು ಕ್ಷೇತ್ರಗಳನ್ನು ಆರಿಸಿಕೊಳ್ಳಿ. 224 ಕ್ಷೇತ್ರಗಳನ್ನು ಒಬ್ಬರೇ ಹಿಂಬಾಲಿಸಲು ಹೋದರೆ ಯಾವುದನ್ನೂ ನೋಡಿದಂತಾಗುವುದಿಲ್ಲ. ಕರ್ನಾಟಕವಾದರೆ ಹಳೆ ಮೈಸೂರು, ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕ, ಮಧ್ಯ ಕರ್ನಾಟಕ, ಕರಾವಳಿ, ಬೆಂಗಳೂರು ನಗರ ಎಂದು ಭಾಗ ಮಾಡಿಕೊಂಡು, ಪ್ರತಿ ಭಾಗದಿಂದ ಎರಡು ಕ್ಷೇತ್ರ ತೆಗೆದುಕೊಳ್ಳಿ: ಒಂದು, ಹಿಂದಿನ ಸಲ ಕೂದಲೆಳೆಯ ಅಂತರದಲ್ಲಿ ತೀರ್ಮಾನವಾದದ್ದು; ಇನ್ನೊಂದು, ಒಂದೇ ಪಕ್ಷದ ಕೋಟೆ ಎನಿಸಿಕೊಂಡದ್ದು. ಕೂದಲೆಳೆಯ ಕ್ಷೇತ್ರ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನು ಹೇಳುತ್ತದೆ. ಕೋಟೆಯಲ್ಲಿ ಬಿರುಕು ಕಂಡರೆ ಆ ಗಾಳಿಯ ಬಲ ಎಷ್ಟೆಂದು ಗೊತ್ತಾಗುತ್ತದೆ. ಪ್ರತಿ ಕ್ಷೇತ್ರದ ಮುಂದೆ ಹಿಂದಿನ ವಿಜೇತ ಪಕ್ಷ, ಗೆಲುವಿನ ಅಂತರ, ಈ ಸಲದ ಮತದಾನದ ಪ್ರಮಾಣ ಇವು ಮೂರನ್ನು ಬರೆದಿಟ್ಟರೆ ಸಾಕು. ಬಹಳ ಹಿಂದಿನ ಚುನಾವಣೆಯೊಂದಿಗೆ ಕ್ಷೇತ್ರವಾರು ಹೋಲಿಕೆ ಮಾಡುವಾಗ ಎಚ್ಚರ ಇರಲಿ. ಹೊಸ ಕ್ಷೇತ್ರ ವಿಂಗಡಣೆಯ ಪ್ರಕಾರ ದೇಶದಲ್ಲಿ ಮೊದಲು ಚುನಾವಣೆ ನಡೆದದ್ದು ಕರ್ನಾಟಕದಲ್ಲೇ, 2008ರಲ್ಲಿ. ಅದಕ್ಕಿಂತ ಹಿಂದಿನ ಎಷ್ಟೋ ಕ್ಷೇತ್ರಗಳು ಈಗ ಇಲ್ಲ, ಇರುವ ಹೆಸರುಗಳ ಒಳಗೂ ಊರುಗಳು ಬದಲಾಗಿವೆ.

ಮತಗಟ್ಟೆ ಸಮೀಕ್ಷೆಗಳ ಅಂಕಿಗಳನ್ನು ಬೇರೆ ಪುಟದಲ್ಲಿ ಬರೆದು, ಎಣಿಕೆ ಮುಗಿಯುವವರೆಗೆ ಆ ಪುಟ ತೆರೆಯಬೇಡಿ. 2024ರ ಅಕ್ಟೋಬರ್‌ನಲ್ಲಿ ಹರಿಯಾಣದಲ್ಲಿ ಸಮೀಕ್ಷೆಗಳು ಕಾಂಗ್ರೆಸ್‌ನ ಕಡೆ ಬೊಟ್ಟು ಮಾಡಿದ್ದವು. ಎಣಿಕೆಯ ಮೊದಲ ಗಂಟೆಯ ಮುನ್ನಡೆಗಳೂ ಅದನ್ನೇ ಹೇಳಿದವು. ಕೊನೆಗೆ ಬಿಜೆಪಿ 48, ಕಾಂಗ್ರೆಸ್ 37 ಆಯಿತು. ಸಮೀಕ್ಷೆಯನ್ನು ತಲೆಯಲ್ಲಿಟ್ಟುಕೊಂಡು ಕುಳಿತವರಿಗೆ ಮೊದಲ ಗಂಟೆಯ ಅಂಕಿ ಸಾಕ್ಷಿಯಂತೆ ಕಂಡಿತ್ತು, ಅಷ್ಟೇ.

ಟೆಸ್ಟ್‌ಗೆ ಇಷ್ಟು ಸಿದ್ಧತೆ ಬೇಡ. ಆ ಮೈದಾನದಲ್ಲಿ ನಾಲ್ಕನೆಯ ಇನಿಂಗ್ಸ್‌ನಲ್ಲಿ ಎಷ್ಟು ರನ್ ಬೆನ್ನಟ್ಟಲಾಗಿದೆ, ಐದು ದಿನಗಳ ಹವಾಮಾನ ಮುನ್ಸೂಚನೆ ಏನಿದೆ, ಯಾವ ಚೆಂಡು ಬಳಸುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಭಾರತದಲ್ಲಿ ಎಸ್‌ಜಿ, ಇಂಗ್ಲೆಂಡ್‌ನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯಾದಲ್ಲಿ ಕೂಕಬುರಾ. ಚೆಂಡು ಎಷ್ಟು ಹೊತ್ತು ಸ್ವಿಂಗ್ ಆದೀತು, ಯಾವಾಗ ಮೆತ್ತಗಾದೀತು ಎಂಬುದು ಇದರ ಮೇಲೆ ನಿಂತಿದೆ.

ಎರಡನೇ ಹಂತ: ಎಣಿಕೆ ಕೊಠಡಿಯೊಳಗಿನ ಕ್ರಮವನ್ನು ತಿಳಿಯುವುದು

ಬೆಳಿಗ್ಗೆ ಎಂಟಕ್ಕೆ ಮೊದಲು ಕೈಗೆತ್ತಿಕೊಳ್ಳುವುದು ಅಂಚೆ ಮತಗಳನ್ನು. ಸೇನೆಯಲ್ಲಿರುವವರು, ಚುನಾವಣಾ ಕರ್ತವ್ಯದ ಮೇಲಿದ್ದ ನೌಕರರು, ಮನೆಯಿಂದಲೇ ಮತ ಹಾಕಲು ಅವಕಾಶ ಪಡೆದ ಹಿರಿಯರು ಮತ್ತು ಅಂಗವಿಕಲರು ಹಾಕಿದ ಮತಗಳಿವು. ಅರ್ಧ ಗಂಟೆಯ ನಂತರ ಮತಯಂತ್ರಗಳ ಎಣಿಕೆ ಆರಂಭವಾಗುತ್ತದೆ. ಹಾಗಾಗಿ ಎಂಟೂಕಾಲಿಗೆ ಟಿವಿಯಲ್ಲಿ ಕಾಣುವ ಮುನ್ನಡೆಗಳು ಕೆಲವೇ ಕೆಲವು ಅಂಚೆ ಮತಗಳ ಮೇಲೆ ನಿಂತಿರುತ್ತವೆ. ಅವನ್ನು ಪುಸ್ತಕದಲ್ಲಿ ಬರೆದುಕೊಳ್ಳಲೇ ಬೇಡಿ.

ಮತಯಂತ್ರಗಳ ಎಣಿಕೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ಮನಸ್ಸಿಗೆ ಬಂದರೆ ದಿನವಿಡೀ ಪರದೆಯ ಅಂಕಿಗಳು ಬೇರೆಯೇ ರೀತಿ ಕಾಣತೊಡಗುತ್ತವೆ. ಒಂದು ಕ್ಷೇತ್ರಕ್ಕೆ ಸಾಮಾನ್ಯವಾಗಿ ಹದಿನಾಲ್ಕು ಮೇಜುಗಳು. ಪ್ರತಿ ಮೇಜಿಗೂ ಒಬ್ಬ ಮೇಲ್ವಿಚಾರಕರು, ಒಬ್ಬ ಸಹಾಯಕರು, ಒಬ್ಬ ಸೂಕ್ಷ್ಮ ವೀಕ್ಷಕರು. ತಂತಿ ಜಾಲರಿಯ ಆಚೆ ಅಭ್ಯರ್ಥಿಗಳ ಏಜೆಂಟರು ಮೊಬೈಲ್ ಇಲ್ಲದೆ, ಕಾಗದ ಪೆನ್ನು ಹಿಡಿದು ಕುಳಿತಿರುತ್ತಾರೆ. ಸ್ಟ್ರಾಂಗ್ ರೂಂನಿಂದ ಒಂದೊಂದು ಮತಗಟ್ಟೆಯ ಕಂಟ್ರೋಲ್ ಯೂನಿಟ್, ಅಂದರೆ ಮತಯಂತ್ರದಲ್ಲಿ ಮತಗಳು ದಾಖಲಾಗಿರುವ ಭಾಗ, ಬರುತ್ತದೆ. ಅದರ ಸೀಲು ಮತ್ತು ಸಂಖ್ಯೆಯನ್ನು ಏಜೆಂಟರಿಗೆ ತೋರಿಸಿ, ಫಲಿತಾಂಶದ ಗುಂಡಿ ಒತ್ತಿದಾಗ ಒಬ್ಬೊಬ್ಬ ಅಭ್ಯರ್ಥಿಯ ಮತಗಳು ಪುಟ್ಟ ಪರದೆಯ ಮೇಲೆ ಒಂದಾದ ಮೇಲೊಂದರಂತೆ ಮೂಡುತ್ತವೆ. ಮತದಾನದ ದಿನ ಮತಗಟ್ಟೆ ಅಧಿಕಾರಿ ತುಂಬಿಕೊಟ್ಟ 17ಸಿ ನಮೂನೆಯಲ್ಲಿರುವ ಒಟ್ಟು ಮತಗಳಿಗೂ ಈ ಒಟ್ಟಿಗೂ ತಾಳೆ ನೋಡುತ್ತಾರೆ. ಹದಿನಾಲ್ಕೂ ಮೇಜಿನ ಲೆಕ್ಕ ಚುನಾವಣಾಧಿಕಾರಿಯ ಮೇಜಿಗೆ ಬಂದು, ವೀಕ್ಷಕರು ತಮಗೆ ಬೇಕಾದ ಎರಡು ಯಂತ್ರಗಳ ಲೆಕ್ಕವನ್ನು ಪುನಃ ಪರಿಶೀಲಿಸಿ, ಸಹಿ ಬಿದ್ದ ಮೇಲೆ ಆ ಸುತ್ತು ಪ್ರಕಟವಾಗುತ್ತದೆ. ಆಮೇಲೆ ಮುಂದಿನ ಹದಿನಾಲ್ಕು ಮತಗಟ್ಟೆಗಳ ಯಂತ್ರಗಳು ಬರುತ್ತವೆ.

ಟಿವಿಯ ಅಂಕಿ ಮತ್ತು ಚುನಾವಣಾ ಆಯೋಗದ ಜಾಲತಾಣದ ಅಂಕಿ ಏಕೆ ಬೇರೆಯಾಗಿರುತ್ತವೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ವಾಹಿನಿಗಳು ಎಣಿಕೆ ಕೇಂದ್ರದ ಬಳಿಯಿರುವ ವರದಿಗಾರರಿಂದ ಬಂದ ಸುದ್ದಿಯನ್ನು ಕೂಡಲೇ ಹಾಕುತ್ತವೆ. ಆಯೋಗದ ಜಾಲತಾಣದಲ್ಲಿ ಸಹಿಯಾದ ಸುತ್ತಿನ ಲೆಕ್ಕ ಮಾತ್ರ ಏರುತ್ತದೆ. ಬೇಗ ಬೇಕೆಂದರೆ ಟಿವಿ, ಬರೆದಿಟ್ಟುಕೊಳ್ಳಬೇಕೆಂದರೆ ಆಯೋಗ. ಜಾಲತಾಣದಲ್ಲಿ ಪಕ್ಷವಾರು ಪಟ್ಟಿಯನ್ನು ದಾಟಿ ಕ್ಷೇತ್ರದ ಪುಟಕ್ಕೆ ಹೋದರೆ, ಒಟ್ಟು ಎಷ್ಟು ಸುತ್ತಿನಲ್ಲಿ ಎಷ್ಟನೆಯದು ಮುಗಿದಿದೆ ಎಂಬುದೂ ಕಾಣುತ್ತದೆ. ನನ್ನ ಅನುಭವದಲ್ಲಿ ಇಡೀ ಜಾಲತಾಣದ ಅತ್ಯಂತ ಉಪಯುಕ್ತ ಅಂಕಿ ಅದೇ; ಮುನ್ನಡೆಯ ಅಂಕಿಯನ್ನು ಅದರ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಇನ್ನೊಂದು ಸಂಗತಿ. ಮತಗಟ್ಟೆಗಳನ್ನು ಕ್ರಮಸಂಖ್ಯೆಯ ಪ್ರಕಾರವೇ ಎಣಿಸುತ್ತಾರೆ, ಮತ್ತು ಆ ಸಂಖ್ಯೆಗಳು ಭೂಗೋಳದ ಸಾಲಿನಲ್ಲೇ ಹೋಗುತ್ತವೆ. ಆದ್ದರಿಂದ ಮೊದಲ ನಾಲ್ಕೈದು ಸುತ್ತುಗಳು ಕ್ಷೇತ್ರದ ಒಂದು ಮೂಲೆಯ ಧ್ವನಿ ಮಾತ್ರ. ‘ನಮ್ಮ ಹೋಬಳಿಯ ಪೆಟ್ಟಿಗೆ ಇನ್ನೂ ಒಡೆದಿಲ್ಲ’ ಎಂದು ಹಳ್ಳಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಪೆಟ್ಟಿಗೆಯ ಕಾಲ ಹೋಗಿ ಯಂತ್ರ ಬಂದರೂ ಆ ಮಾತಿನ ತರ್ಕ ಹಳತಾಗಿಲ್ಲ.

ಮೂರನೇ ಹಂತ: ಬಾಕಿ ಮತಗಳ ಲೆಕ್ಕ

ಈಗ ಕೂಡಿ ಕಳೆಯುವ ಕೆಲಸ. 2023ರ ಕರ್ನಾಟಕ ಚುನಾವಣೆಯಲ್ಲಿ ಸುಮಾರು 5.3 ಕೋಟಿ ಮತದಾರರಿದ್ದರು, 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು, ಮತದಾನ ಶೇ 73ರಷ್ಟಾಯಿತು. ಅಂದರೆ ಕ್ಷೇತ್ರಕ್ಕೆ ಸರಾಸರಿ 260 ಮತಗಟ್ಟೆಗಳು. ಹದಿನಾಲ್ಕರಿಂದ ಭಾಗಿಸಿದರೆ ಸುಮಾರು 19 ಸುತ್ತು. ಒಂದು ಮತಗಟ್ಟೆಯಲ್ಲಿ ಚಲಾವಣೆಯಾದ ಮತ ಸರಾಸರಿ 660ರ ಆಸುಪಾಸು. ಒಂದು ಸುತ್ತಿಗೆ 9,300ರಷ್ಟು. ಈ ‘ಸುತ್ತಿಗೆ ಒಂಬತ್ತು ಸಾವಿರ’ ಎಂಬ ಅಂದಾಜನ್ನು ಪುಟದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಕ್ಷೇತ್ರ ದೊಡ್ಡದೋ ಸಣ್ಣದೋ ನೋಡಿ ತಿದ್ದಿಕೊಳ್ಳಿ.

ಹನ್ನೆರಡು ಸುತ್ತು ಮುಗಿದಾಗ ಒಬ್ಬ ಅಭ್ಯರ್ಥಿ 4,000 ಮತಗಳಿಂದ ಮುಂದಿದ್ದಾರೆ ಎಂದುಕೊಳ್ಳೋಣ. ಬಾಕಿ ಏಳು ಸುತ್ತು, ಅಂದರೆ ಸುಮಾರು 65,000 ಮತ. ಸ್ಪರ್ಧೆ ನೇರವಾಗಿ ಇಬ್ಬರ ನಡುವೆ ಇದ್ದರೆ, ಹಿಂದಿರುವವರು ಬಾಕಿ ಮತಗಳಲ್ಲಿ ಶೇ 53ಕ್ಕಿಂತ ಸ್ವಲ್ಪ ಹೆಚ್ಚು ಪಡೆದರೆ ಸಾಕು, ಅಂತರ ಕರಗಿಹೋಗುತ್ತದೆ. ಬಾಕಿಯಿರುವುದು ಅವರ ಬಲವಿರುವ ಹೋಬಳಿಯಾದರೆ ಇದೇನೂ ಅಸಾಧ್ಯವಲ್ಲ. ಅದೇ ಅಂತರ 20,000 ಆಗಿದ್ದರೆ ಬಾಕಿ ಮತಗಳಲ್ಲಿ ಶೇ 65ಕ್ಕಿಂತ ಹೆಚ್ಚು ಬೇಕು. ಅಂಥ ಪವಾಡ ಅಪರೂಪ. ಮೂರನೆಯ ಪ್ರಬಲ ಅಭ್ಯರ್ಥಿ ಇದ್ದರೆ ಅವರ ಪಾಲಿನ ಮತಗಳನ್ನು ಬಾಕಿಯಿಂದ ಕಳೆದು ಲೆಕ್ಕ ಹಾಕಿ; ಆಗ ಹಿಂದಿರುವವರ ದಾರಿ ಇನ್ನೂ ಕಡಿದಾಗುತ್ತದೆ.

ಈ ಲೆಕ್ಕವನ್ನು ಆರಿಸಿಕೊಂಡ ಹದಿನೈದು ಕ್ಷೇತ್ರಗಳಿಗೆ ಹಾಕಿದ ಮೇಲೆ ಇಡೀ ರಾಜ್ಯದ ‘ಮುನ್ನಡೆ’ ಪಟ್ಟಿಯನ್ನು ನೋಡುವ ಕಣ್ಣು ಬದಲಾಗುತ್ತದೆ. 110 ಕಡೆ ಮುಂದಿರುವ ಪಕ್ಷ ಅದರಲ್ಲಿ ಮೂವತ್ತು ಕಡೆ ಸಾವಿರ ಮತಗಳ ಒಳಗಿನ ಅಂತರದಲ್ಲಿದ್ದರೆ, ಅದು 80 ಗಟ್ಟಿ, 30 ಅತಂತ್ರ ಎಂದು ಓದಬೇಕು. 2018ರ ಮೇ 15ರ ಬೆಳಗಿನ ಮುನ್ನಡೆಗಳಲ್ಲಿ ಬಿಜೆಪಿ ಒಂದು ಹಂತದಲ್ಲಿ ಬಹುಮತದ ಗೆರೆಯನ್ನು ದಾಟಿತ್ತು, ಸಂಭ್ರಮವೂ ಶುರುವಾಗಿತ್ತು. ಸಂಜೆಗೆ ಅದು 104ಕ್ಕೆ ನಿಂತಿತು. ಬೆಳಿಗ್ಗೆ ಸಣ್ಣ ಅಂತರದ ಕ್ಷೇತ್ರಗಳನ್ನು ಪ್ರತ್ಯೇಕವಾಗಿ ಎಣಿಸಿಟ್ಟವರು ಆ ಹೊತ್ತಿಗೇ ತೀರ್ಮಾನಕ್ಕೆ ಬರಲು ಹಿಂಜರಿಯುತ್ತಿದ್ದರು.

ಅಂತರ ಬಹಳ ಸಣ್ಣದಾದಲ್ಲಿ ಕೊನೆಯ ಸುತ್ತು ಮುಗಿದರೂ ಪೆನ್ನು ಕೆಳಗಿಡಬೇಡಿ. 2019ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ಆದೇಶದ ನಂತರ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ (ಹಾಕಿದ ಮತವನ್ನು ಕಾಗದದ ಮೇಲೆ ಮುದ್ರಿಸುವ ಯಂತ್ರ) ಚೀಟಿಗಳನ್ನು ಕೈಯಿಂದ ಎಣಿಸುತ್ತಾರೆ. ಅದಕ್ಕೆ ಸಮಯ ಹಿಡಿಯುತ್ತದೆ. ತಿರಸ್ಕೃತ ಅಂಚೆ ಮತಗಳ ಸಂಖ್ಯೆ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದರೆ ಅವನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಮರುಎಣಿಕೆಗೆ ಅರ್ಜಿ ಬೀಳಬಹುದು. 2023ರ ಮೇ 13ರಂದು ಜಯನಗರದಲ್ಲಿ ಹೀಗೆಯೇ ರಾತ್ರಿಯವರೆಗೆ ಎಳೆದು, ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರು ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಅವರನ್ನು 16 ಮತಗಳಿಂದ ಸೋಲಿಸಿದರು ಎಂದು ಪ್ರಕಟವಾಯಿತು. ಅದಕ್ಕೂ ಹಿಂದೆ, 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಸಮಸಮ ಬಂದಿದ್ದರೆ ಕಾನೂನಿನ ಪ್ರಕಾರ ಚೀಟಿ ಎತ್ತಿ ತೀರ್ಮಾನಿಸಬೇಕಾಗುತ್ತಿತ್ತು.

ನಾಲ್ಕನೇ ಹಂತ: ಸ್ಥಾನಗಳ ಪಕ್ಕದಲ್ಲಿ ಮತ ಪ್ರಮಾಣ

ಮಧ್ಯಾಹ್ನದ ನಂತರ ಪಕ್ಷವಾರು ಮತ ಪ್ರಮಾಣವನ್ನು ಬರೆಯಲು ಆರಂಭಿಸಿ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು, ಬಿಜೆಪಿಗೆ ಶೇ 36ರಷ್ಟು ಮತ ಬಂದಿತ್ತು. ಸ್ಥಾನಗಳು ಮಾತ್ರ 78 ಮತ್ತು 104. 2023ರಲ್ಲಿ ಬಿಜೆಪಿಯ ಮತ ಪ್ರಮಾಣ ಬಹುತೇಕ ಅಲ್ಲೇ, ಶೇ 36ರಲ್ಲೇ ಇತ್ತು. ಆದರೆ ಸ್ಥಾನಗಳು 66ಕ್ಕೆ ಇಳಿದವು. ಈ ನಡುವೆ ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿದಿತ್ತು, ಕಾಂಗ್ರೆಸ್ ಶೇ 43ರ ಹತ್ತಿರ ಏರಿ 135 ಸ್ಥಾನ ಗೆದ್ದಿತ್ತು. ಒಂದು ಪಕ್ಷ ನಿಂತಲ್ಲೇ ನಿಂತಿದ್ದರೂ ಎದುರಾಳಿಗಳ ಮತ ಒಂದೆಡೆ ಸೇರಿದರೆ ಅದು ಮೂವತ್ತೆಂಟು ಸ್ಥಾನ ಕಳೆದುಕೊಳ್ಳಬಲ್ಲದು. ಇದನ್ನು ಕಂಡಾಗ ನನಗೆ ನಮ್ಮ ರಾಜ್ಯದ ಚುನಾವಣೆಯ ಒಳರಚನೆ ಮೊದಲ ಬಾರಿಗೆ ಕೈಗೆ ಸಿಕ್ಕಂತಾಯಿತು.

ಮತ ಪ್ರಮಾಣವನ್ನು ಓದುವಾಗ ಆ ಪಕ್ಷ ಎಷ್ಟು ಕಡೆ ಸ್ಪರ್ಧಿಸಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. 2025ರ ಬಿಹಾರದಲ್ಲಿ ಆರ್‌ಜೆಡಿಗೆ ಶೇ 23, ಬಿಜೆಪಿಗೆ ಶೇ 20ರಷ್ಟು ಮತ ಬಂದಿತ್ತು. ಸ್ಥಾನ ಕ್ರಮವಾಗಿ 25 ಮತ್ತು 89. ಆರ್‌ಜೆಡಿ 140ಕ್ಕೂ ಹೆಚ್ಚು ಕಡೆ ನಿಂತಿತ್ತು, ಬಿಜೆಪಿ ಮಿತ್ರಪಕ್ಷಗಳೊಂದಿಗೆ ಹಂಚಿಕೊಂಡು 101 ಕಡೆ ಮಾತ್ರ. ಈ ಒಂದು ಸಾಲು ತಿಳಿಯದೆ ಆ ಅಂಕಿಯನ್ನು ಹಂಚಿಕೊಂಡವರು ಅಂದು ಬಹಳ ಮಂದಿ. ಇನ್ನು ಮಧ್ಯಪ್ರದೇಶದ 2018ರ ಫಲಿತಾಂಶದಲ್ಲಿ ಬಿಜೆಪಿ ಶೇ 41.02, ಕಾಂಗ್ರೆಸ್ ಶೇ 40.89, ಸ್ಥಾನ 109 ಮತ್ತು 114. ಇಷ್ಟು ಹತ್ತಿರದ ಸ್ಪರ್ಧೆಯಲ್ಲಿ ಮತ ಯಾವ ಕ್ಷೇತ್ರದಲ್ಲಿ ಬಿದ್ದಿತು ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಠೇವಣಿಯ ಲೆಕ್ಕ ಸುಲಭ: ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ಬಾರದಿದ್ದರೆ 10,000 ರೂಪಾಯಿಯ ಠೇವಣಿ ಹೋಗುತ್ತದೆ; ಪರಿಶಿಷ್ಟ ಜಾತಿ ಮತ್ತು ಪಂಗಡದ ಅಭ್ಯರ್ಥಿಗಳಿಗೆ ಈ ಮೊತ್ತ 5,000.

ಐದನೇ ಹಂತ: ಟೆಸ್ಟ್ ಪಂದ್ಯಕ್ಕೆ ಅವಧಿವಾರು ಪಟ್ಟಿ

ಟೆಸ್ಟ್‌ನಲ್ಲಿ ಸುತ್ತಿನ ಜಾಗದಲ್ಲಿ ಅವಧಿ ಇದೆ. ದಿನಕ್ಕೆ ಮೂರು ಅವಧಿ, 90 ಓವರ್. ಐದು ದಿನಕ್ಕೆ ಹದಿನೈದು ಅವಧಿ. ಪುಟವನ್ನು ಹದಿನೈದು ಸಾಲುಗಳಾಗಿ ಗೆರೆ ಹಾಕಿ, ಪ್ರತಿ ಸಾಲಿನಲ್ಲಿ ಓವರ್, ರನ್, ವಿಕೆಟ್, ಆ ಅವಧಿ ಯಾರದ್ದು ಎಂಬುದನ್ನು ಬರೆಯಿರಿ. ಯಾರದ್ದೂ ಅಲ್ಲದ ಅವಧಿಗಳೂ ಇರುತ್ತವೆ. ಅಲ್ಲಿ ಒಂದು ಅಡ್ಡಗೆರೆ ಎಳೆಯಿರಿ.

2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಟೆಸ್ಟ್‌ನ ಪುಟ ನನ್ನ ಹಳೆಯ ಪುಸ್ತಕದಲ್ಲಿ ಇನ್ನೂ ಇದೆ. ಮೊದಲ ದಿನ ಭಾರತ 189, ನೇಥನ್ ಲಯನ್ 50ಕ್ಕೆ 8. ದಿನದಾಟದ ಕೊನೆಗೆ ಆಸ್ಟ್ರೇಲಿಯಾ ವಿಕೆಟ್ ನಷ್ಟವಿಲ್ಲದೆ 40. ಸ್ಕೋರು ಮಾತ್ರ ನೋಡಿದ್ದರೆ ಪಂದ್ಯ ಅಲ್ಲೇ ಮುಗಿದಂತಿತ್ತು. ಎರಡನೆಯ ದಿನದ ಸಾಲುಗಳು ಬೇರೆಯೇ ಮಾತು ಹೇಳುತ್ತವೆ: ಇಡೀ ದಿನ ಆಡಿದ ಆಸ್ಟ್ರೇಲಿಯಾ ಸೇರಿಸಿದ್ದು 197 ರನ್ ಮಾತ್ರ, ಕಳೆದುಕೊಂಡದ್ದು ಆರು ವಿಕೆಟ್. ಪಿಚ್ ದಿನೇದಿನೇ ಕಠಿಣವಾಗುತ್ತಿದೆ, ಕೊನೆಗೆ ಆಡುವವರಿಗೆ ಉಳಿದಿರುವುದು ಅದರ ಅತ್ಯಂತ ಕೆಟ್ಟ ಭಾಗ ಎಂಬುದು ಆ ಸಾಲಿನಲ್ಲೇ ಬರೆದಿತ್ತು. 87 ರನ್ ಹಿನ್ನಡೆಯಿಂದ ಎರಡನೆಯ ಇನಿಂಗ್ಸ್ ಆರಂಭಿಸಿದ ಭಾರತಕ್ಕೆ ಮೂರನೆಯ ದಿನ ಜೊತೆಗೂಡಿದ ಪೂಜಾರ ಮತ್ತು ರಹಾನೆ 118 ರನ್‌ಗಳ ಜೊತೆಯಾಟ ಕಟ್ಟಿಕೊಟ್ಟರು. 274ಕ್ಕೆ ಆಲೌಟಾದ ಭಾರತ ಗುರಿ ಕೊಟ್ಟದ್ದು 188. ನಾಲ್ಕನೆಯ ದಿನ ನಾಲ್ಕು ವಿಕೆಟ್‌ಗೆ 101 ತಲುಪಿದ್ದ ಆಸ್ಟ್ರೇಲಿಯಾ ಉಳಿದ ಆರು ವಿಕೆಟ್‌ಗಳನ್ನು 11 ರನ್‌ಗಳಲ್ಲಿ ಕಳೆದುಕೊಂಡು 112ಕ್ಕೆ ಕುಸಿಯಿತು. ಅಶ್ವಿನ್ 41ಕ್ಕೆ 6. ಕೊನೆಯ ಸಾಲಿನ ಎದುರು ಅಂದು ಬರೆದ ಅಕ್ಷರಗಳು ಓದಲಾಗದಷ್ಟು ಅಂಕುಡೊಂಕಾಗಿವೆ.

ಇದಕ್ಕೆ ಪೂರಕವಾದ ಎರಡು ಅಭ್ಯಾಸಗಳನ್ನು ಬೆಳೆಸಿಕೊಳ್ಳಿ. ಒಂದು, ಸ್ಕೋರು ನೋಡುವಾಗ ಮನಸ್ಸಿನಲ್ಲೇ ಇನ್ನೆರಡು ವಿಕೆಟ್ ಸೇರಿಸಿ ನೋಡುವುದು. 180ಕ್ಕೆ 3 ನೆಮ್ಮದಿಯಾಗಿ ಕಾಣುತ್ತದೆ. 180ಕ್ಕೆ 5 ಎಂದಾಗ ಕ್ರೀಸಿನ ಹಿಂದೆ ಉಳಿದಿರುವವರು ಯಾರು, ಬಾಲಂಗೋಚಿಗಳು ಎಷ್ಟು ಹತ್ತಿರದಲ್ಲಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ. ಇನ್ನೊಂದು, 80 ಓವರ್‌ಗಳ ನಂತರ ಬರುವ ಹೊಸ ಚೆಂಡನ್ನು ಮೊದಲೇ ಪುಟದಲ್ಲಿ ಗುರುತಿಸಿಕೊಳ್ಳುವುದು. 65ನೇ ಓವರ್‌ನಲ್ಲಿ ಕುದುರಿಕೊಂಡ ಜೊತೆಯಾಟ ಎಷ್ಟು ಗಟ್ಟಿ ಎಂಬುದು 85ನೇ ಓವರ್‌ನಲ್ಲೇ ಗೊತ್ತಾಗುವುದು.

ಮೊದಲ ಇನಿಂಗ್ಸ್ ಮುನ್ನಡೆಯನ್ನು ಅಂಚೆ ಮತದಷ್ಟು ಹಗುರವಾಗಿ ನೋಡಬೇಕಿಲ್ಲ, ಆದರೆ ತೀರ್ಪೆಂದೂ ತಿಳಿಯಬಾರದು. ಐದು ದಿನದ ಟೆಸ್ಟ್‌ನಲ್ಲಿ 200 ರನ್ ಮುನ್ನಡೆ ಸಿಕ್ಕರೆ ಎದುರಾಳಿಗೆ ಫಾಲೋಆನ್ ಹೇರಬಹುದು, ಅಂದರೆ ಅವರನ್ನೇ ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿಸಬಹುದು. 2001ರ ಮಾರ್ಚ್‌ನಲ್ಲಿ ಈಡನ್‌ನಲ್ಲಿ 274 ರನ್ ಹಿನ್ನಡೆಯೊಂದಿಗೆ ಫಾಲೋಆನ್‌ಗೆ ಇಳಿದ ಭಾರತದ ನಾಲ್ಕನೆಯ ದಿನದ ಮೂರೂ ಸಾಲುಗಳಲ್ಲಿ ವಿಕೆಟ್ ಅಂಕಣ ಸೊನ್ನೆ: ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ ದಿನವಿಡೀ ಆಡಿ 335 ರನ್ ಸೇರಿಸಿದರು. ಐದನೆಯ ದಿನ ಚಹಾ ವಿರಾಮದ ಹೊತ್ತಿಗೆ 161ಕ್ಕೆ 3 ಇದ್ದ ಆಸ್ಟ್ರೇಲಿಯಾ ಕೊನೆಯ ಅವಧಿಯಲ್ಲಿ ಏಳೂ ವಿಕೆಟ್ ಕಳೆದುಕೊಂಡಿತು. ಇದಕ್ಕೆ ತದ್ವಿರುದ್ಧ ಉದಾಹರಣೆ 2024ರ ಅಕ್ಟೋಬರ್‌ನ ಬೆಂಗಳೂರು ಟೆಸ್ಟ್: ಮೊದಲ ದಿನ ಮಳೆಗೆ ಹೋಗಿ, ಎರಡನೆಯ ದಿನ ಭಾರತ 46ಕ್ಕೆ ಉರುಳಿತು. ಎರಡನೆಯ ಇನಿಂಗ್ಸ್‌ನಲ್ಲಿ ಸರ್ಫರಾಜ್ 150, ಪಂತ್ 99 ಹೊಡೆದು 462ರವರೆಗೆ ಹೋರಾಡಿದರೂ ನ್ಯೂಜಿಲೆಂಡ್‌ಗೆ ಉಳಿದ ಗುರಿ ಕೇವಲ 107. ಒಂದು ಅವಧಿಯ ನಷ್ಟ ಇಷ್ಟು ಆಳವಾಗಿದ್ದರೆ ಬಾಕಿ ದಿನಗಳು ಸಾಲುವುದಿಲ್ಲ.

ನಾಲ್ಕನೆಯ ಇನಿಂಗ್ಸ್ ಬಂದಾಗ ಬೇಕಾದ ರನ್, ಕೈಯಲ್ಲಿರುವ ವಿಕೆಟ್, ಉಳಿದ ಓವರ್ ಎಂಬ ಮೂರು ಅಂಕಣಗಳನ್ನು ಪ್ರತಿ ಹತ್ತು ಓವರ್‌ಗೊಮ್ಮೆ ತುಂಬಿ. ಗೆಲುವು, ಸೋಲು, ಡ್ರಾ ಎಂಬ ಮೂರು ದಾರಿಗಳಲ್ಲಿ ಯಾವುದು ಮುಚ್ಚಿತು, ಯಾವುದು ತೆರೆದಿದೆ ಎಂಬುದು ಈ ಮೂರನ್ನು ಒಟ್ಟಿಗೆ ಓದಿದಾಗ ತಿಳಿಯುತ್ತದೆ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಡ್ರಾಗಾಗಿ ಆಡಿದ ವಿಹಾರಿ ಮತ್ತು ಅಶ್ವಿನ್ ಕಾಯ್ದುಕೊಂಡದ್ದು ಓವರ್‌ಗಳ ಅಂಕಣವನ್ನು. ಎಂಟು ದಿನಗಳ ನಂತರ ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ 328 ರನ್ ಬೆನ್ನಟ್ಟಿ ಗೆಲ್ಲುವಾಗ ಪಂತ್ ನೋಡುತ್ತಿದ್ದದ್ದು ರನ್‌ಗಳ ಅಂಕಣವನ್ನು. 2025ರ ಓವಲ್ ಟೆಸ್ಟ್‌ನಲ್ಲಿ 374 ಬೆನ್ನಟ್ಟಿದ ಇಂಗ್ಲೆಂಡ್ 301ಕ್ಕೆ 3 ಇದ್ದಾಗ ಬಾಕಿ 73 ರನ್. ಅಲ್ಲಿಂದ ಬ್ರೂಕ್ ಔಟಾಗಿ, ಮಂದ ಬೆಳಕಿನಲ್ಲಿ ದಿನ ಮುಗಿದು, ಕೊನೆಯ ಬೆಳಿಗ್ಗೆ 35 ರನ್ ಮತ್ತು ನಾಲ್ಕು ವಿಕೆಟ್ ಎಂಬಲ್ಲಿಗೆ ಬಂತು. ಸಿರಾಜ್ ಮತ್ತು ಪ್ರಸಿದ್ಧ ಕೃಷ್ಣ ಅದನ್ನು ಆರು ರನ್‌ಗಳ ಗೆಲುವಾಗಿ ಮುಗಿಸಿದರು.

ಆರನೇ ಹಂತ: ಎರಡೂ ಒಂದೇ ದಿನ ಬಂದಾಗ

ಭಾರತದಲ್ಲಿ ಟೆಸ್ಟ್ ಸಾಮಾನ್ಯವಾಗಿ ಒಂಬತ್ತೂವರೆಗೆ ಆರಂಭವಾಗುತ್ತದೆ, ಹನ್ನೊಂದೂವರೆಗೆ ನಲವತ್ತು ನಿಮಿಷಗಳ ಭೋಜನ ವಿರಾಮ. ಎಂಟರಿಂದ ಒಂಬತ್ತೂವರೆವರೆಗಿನ ಎಣಿಕೆಯಲ್ಲಿ ಬರೆಯುವಂಥದ್ದು ಕಡಿಮೆಯಾದ್ದರಿಂದ ಆ ಹೊತ್ತನ್ನು ಟಾಸ್, ಆಡುವ ಹನ್ನೊಂದು, ಪಿಚ್ ವರದಿಗೆ ಕೊಡಿ. ಮೊದಲ ಅವಧಿಯನ್ನು ಪೂರ್ತಿ ನೋಡಿ. ಹೊಸ ಚೆಂಡಿನ ಆಟವನ್ನು ಆಮೇಲೆ ಸ್ಕೋರ್‌ಕಾರ್ಡ್‌ನಲ್ಲಿ ಓದಿದರೆ ಅದರ ಸೊಗಸು ಸಿಗುವುದಿಲ್ಲ. ಭೋಜನ ವಿರಾಮದಲ್ಲಿ ಆರಿಸಿಕೊಂಡ ಹದಿನೈದು ಕ್ಷೇತ್ರಗಳ ಸುತ್ತು ಮತ್ತು ಅಂತರವನ್ನು ಒಮ್ಮೆಗೇ ತುಂಬಿ. ಅಷ್ಟು ಹೊತ್ತಿಗೆ ಅನೇಕ ಕಡೆ ಐದಾರು ಸುತ್ತು ದಾಟಿರುತ್ತವೆ, ಬಾಕಿಯ ಲೆಕ್ಕಕ್ಕೆ ಅರ್ಥ ಬಂದಿರುತ್ತದೆ. ಚಹಾ ವಿರಾಮದಲ್ಲಿ ಸಣ್ಣ ಅಂತರದ ಕ್ಷೇತ್ರಗಳನ್ನು ಮಾತ್ರ ನೋಡಿ. ದಿನದಾಟ ಮುಗಿದ ಮೇಲೆ ಸಂಜೆಯೆಲ್ಲ ಎಣಿಕೆಗೆ ಮೀಸಲಿಡಿ; ಎಳೆದಾಡುವ ಕ್ಷೇತ್ರಗಳು ಉಳಿಯುವುದೇ ಆಗ. ಫೋನಿಗೆ ಪ್ರತಿ ನಿಮಿಷ ಬರುವ ಸೂಚನೆಗಳನ್ನು ನಿಲ್ಲಿಸಿಡಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಪರದೆಯ ಚಿತ್ರಗಳನ್ನು ಆಯೋಗದ ಜಾಲತಾಣದೊಂದಿಗೆ ತಾಳೆ ನೋಡದೆ ಯಾರಿಗೂ ಕಳುಹಿಸಬೇಡಿ.

ಏಳನೇ ಹಂತ: ಮರುದಿನ ಮತ್ತು ಆಮೇಲೆ

ಯಾರಿಗೂ ಬಹುಮತ ಬಾರದಿದ್ದರೆ ಎಣಿಕೆ ಮುಗಿದರೂ ಪುಸ್ತಕ ಮುಚ್ಚಲಾಗದು. 2018ರ ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪ ಅವರು 19ರಂದು ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ನೀಡಿದರು. 23ರಂದು ಕುಮಾರಸ್ವಾಮಿ ಅವರು ಮುಖ್ಯಮಂತ್ರಿಯಾದರು. ಬಹುಮತವನ್ನು ಸದನದಲ್ಲೇ ಸಾಬೀತುಪಡಿಸಬೇಕೆಂಬ ತತ್ವವನ್ನು ಗಟ್ಟಿಗೊಳಿಸಿದ 1994ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಹೆಸರೇ ಇದೆ. ಇದನ್ನೂ 1985ರ ಪಕ್ಷಾಂತರ ನಿಷೇಧ ಕಾಯ್ದೆಯನ್ನೂ ಒಮ್ಮೆ ಓದಿಕೊಂಡಿದ್ದರೆ ಆ ನಾಲ್ಕೈದು ದಿನಗಳ ಪ್ರತಿ ಸುದ್ದಿಗೂ ಹಿನ್ನೆಲೆ ಸಿಗುತ್ತದೆ.

ಕೆಲವು ದಿನಗಳ ನಂತರ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ನಮೂನೆ 20 ಸಿಗುತ್ತದೆ. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತಗಳ ಉದ್ದನೆಯ ಪಟ್ಟಿ ಅದು. ನಿಮ್ಮ ಪುಸ್ತಕದ ಸುತ್ತುಗಳ ಪಕ್ಕದಲ್ಲಿ ಅದನ್ನು ಇಟ್ಟುಕೊಂಡು, ಯಾವ ಊರಿನ ಮತಗಟ್ಟೆಯಲ್ಲಿ ಮುನ್ನಡೆ ತಿರುಗಿತು ಎಂದು ಬೆರಳಿಟ್ಟು ಹುಡುಕಿ. ಸುತ್ತಿನ ಸಂಖ್ಯೆಯನ್ನು ಹದಿನಾಲ್ಕರಿಂದ ಗುಣಿಸಿದರೆ ಅಂದಾಜು ಕ್ರಮಸಂಖ್ಯೆ ಸಿಗುತ್ತದೆ, ಅಲ್ಲಿಂದ ಹಿಂದಕ್ಕೆ ಹದಿನಾಲ್ಕು ಸಾಲು ಓದಿದರೆ ಸಾಕು. ಟೆಸ್ಟ್‌ಗೂ ಹೀಗೆಯೇ: ಅವಧಿ ಯಾರದ್ದು ಎಂದು ಅಂದು ಬರೆದ ತೀರ್ಮಾನಗಳನ್ನು ಪಂದ್ಯ ಮುಗಿದ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿ. ಈಡನ್‌ನ ನವೆಂಬರ್ 14ರ ಕೊನೆಯ ಸಾಲಿನ ಎದುರು ನಾನು ‘ಭಾರತ’ ಎಂದು ಬರೆದಿದ್ದೆ. ಎರಡು ದಿನ ಬಿಟ್ಟು ಅದರ ಪಕ್ಕದಲ್ಲಿ ‘ನಾಲ್ಕನೆಯ ಇನಿಂಗ್ಸ್ ನಮ್ಮದು, ಪಿಚ್ ನೋಡಲಿಲ್ಲ’ ಎಂದು ಕೆಂಪಿನಲ್ಲಿ ಸೇರಿಸಿದೆ.